ಗಂಗವ್ವನ ಗೋಡೆಗೊಂದು ಮೊಳೆ

ಬ್ಯಾಡಗಿಯಲ್ಲಿ ಮೈಲಪ್ಪ ಮತ್ತು ಗಂಗವ್ವ ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡವರು. ಅದರಲ್ಲಿ ಎಂಟನೆಯದು ನಮ್ಮ ಹಿತ್ತಲಿನ ಖೋಲಿ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಹೆಸರು ನಾಗಪ್ಪ. ಆ ಹೆಸರು ಈಗ ಪೆನ್ಶನ್ ಪುಸ್ತಕದಲ್ಲಿ ಮಾತ್ರ ಉಳಿದಿದೆ, ಊರಿಗೆಲ್ಲ ನಾನು ಮಾಸ್ತರ. ಯಾರು ಕೇಳಲಿ ಬಿಡಲಿ, ಎಲ್ಲದಕ್ಕೂ ಒಂದು ಸಲಹೆ ಕೊಡುವ ಚಟ ಕೆಲಸದ ಜೊತೆ ಅಂಟಿಕೊಂಡದ್ದು, ಕೆಲಸ ಹೋದ ಮೇಲೂ ಬಿಡಲಿಲ್ಲ. ಮುಂದೆ ಹೇಳುವುದರಲ್ಲಿ ಆ ಚಟದ ಪಾಲೂ ಇದೆ. ಆಮೇಲೆ ಮುಚ್ಚಿಟ್ಟೆ ಅನ್ನುವುದು ಬೇಡ ಎಂದು ಮೊದಲೇ ಹೇಳಿಬಿಟ್ಟೆ.

ಮೈಲಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಹಬ್ಬದ ದಿನವೂ ಹೆಗಲ ಮೇಲೆ ಟವೆಲ್ ಇಲ್ಲದೆ ಅವನನ್ನು ನಾನು ನೋಡಿಲ್ಲ. ಅವನ ಹೆಂಡತಿ ಗಂಗವ್ವ ವ್ಯಾಪಾರಸ್ಥರ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುವವಳು. ಬೆಳಿಗ್ಗೆ ಕುಳಿತರೆ ಏಳುವುದು ಸಂಜೆಗೆ. ಇರುವ ಒಬ್ಬ ಮಗಳು ಮೀನಾಕ್ಷಿಯನ್ನು ಗುತ್ತಲಕ್ಕೆ ಕೊಟ್ಟಿದ್ದಾರೆ. ಮಾತಿನಲ್ಲಿ ಗಂಡ ಜೋರು, ಹಟದಲ್ಲಿ ಹೆಂಡತಿ ಜೋರು, ಆದರೆ ಆ ಹಟ ಎಲ್ಲಿದೆ ಎಂದು ಹೊರಗಿನವರಿಗೆ ಲಗೂನೆ ಗೊತ್ತಾಗುವುದಿಲ್ಲ.

ಅವರು ನಮ್ಮ ಖೋಲಿಗೆ ಬಂದ ದಿನವೇ ನನಗೆ ಅದು ಗೊತ್ತಾಗಬೇಕಿತ್ತು. ಸಾಮಾನೆಲ್ಲ ಇಳಿಸಿದ ಮೇಲೆ ಗಂಗವ್ವ ಟ್ರಂಕಿನಿಂದ ಹಳೆ ಸೀರೆ ಸುತ್ತಿದ ಒಂದು ಫೋಟೋ ತೆಗೆದು, ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೇ ನಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. ಕುಪ್ಪೇಲೂರಿನಲ್ಲಿದ್ದ ಅವಳ ತಾಯಿ ದೇವವ್ವನ ಫೋಟೋ. ಬದುಕಿದ್ದಾಗ ತೆಗೆಸಿದ್ದು ಅದೊಂದೇ. ಸತ್ತ ಮೇಲೆ ಗಂಗವ್ವ ರಾಣೇಬೆನ್ನೂರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಗಾಜು ಹಾಕಿಸಿದ್ದಳು.

"ಅಕ್ಕಾರ, ಗ್ವಾಡಿಗೆ ಒಂದ ಮೊಳಿ ಹೊಡಕೊಳ್ಳಲೇನ್ರಿ?" ಎಂದು ಕೇಳಿದಳು.

"ಸುಣ್ಣಾ ಹಚ್ಚಿ ತಿಂಗಳಾಗಿಲ್ಲ ತಂಗಿ, ಮೊಳಿ ಗಿಳಿ ಬ್ಯಾಡ" ಎಂದಳು ನನ್ನ ಹೆಂಡತಿ ಪುಷ್ಪಲತಾ.

ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ, ಎರಡೂ ಮಾತು ಕಿವಿಗೆ ಬಿತ್ತು. ಸುಮ್ಮನೆ ಹಾಳೆ ತಿರುವಿದೆ. ಗೋಡೆ ನಮ್ಮದು, ಸುಣ್ಣ ನಮ್ಮದು, ಬೇಡ ಎನ್ನುವ ಹಕ್ಕೂ ನಮ್ಮದೇ ಅಂದುಕೊಂಡೆ. ಗಂಗವ್ವ "ಆತ್ರಿ" ಅಂದು ತಾಯಿಯನ್ನು ಮತ್ತೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮೊದಲಿನ ಏಳು ಮನೆಗಳಲ್ಲೂ ಇದೇ ಉತ್ತರ ಸಿಕ್ಕಿತ್ತು ಎಂದು ಆಮೇಲೆ ಮೈಲಪ್ಪ ಹೇಳಿದ. ವರ್ಷಕ್ಕೊಮ್ಮೆ ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ದೇವವ್ವ ಹೊರಗೆ ಬರುತ್ತಿದ್ದಳು, ಕುಂಕುಮ ಹಚ್ಚಿಸಿಕೊಂಡು, ಹೋಳಿಗೆ ನೋಡಿ, ಸಂಜೆಗೆ ಒಳಗೆ ಹೋಗುತ್ತಿದ್ದಳು. ಎರಡು ವರ್ಷದ ಮೇಲೆ ನಾವು ಹಿತ್ತಲಲ್ಲಿ ನೀರಿನ ಟಾಕಿ ಕಟ್ಟಿಸಬೇಕೆಂದು ಅವರಿಗೆ ಖೋಲಿ ಬಿಡಲು ಹೇಳಿದೆವು. ಆ ಟಾಕಿ ಇವತ್ತಿಗೂ ಕಟ್ಟಿಲ್ಲ. ಅವರು ಒಂದು ಮಾತು ಆಡದೆ ಹೋದರು, ಹಬ್ಬಕ್ಕೆ ಹೋಳಿಗೆ ಕಳಿಸುವುದನ್ನು ಮಾತ್ರ ಬಿಡಲಿಲ್ಲ.

ಹೋದ ವರ್ಷದ ಸುಗ್ಗಿಯಲ್ಲಿ ಗಂಗವ್ವನಿಗೆ ದಮ್ಮು ಶುರುವಾಯಿತು. ಮೊದಮೊದಲು ಕೆಮ್ಮು, ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವುದು. ರಾಣೇಬೆನ್ನೂರಿನ ಎದೆ ಡಾಕ್ಟರು ಅವಳ ಕೆಲಸ ಏನೆಂದು ಕೇಳಿ, ಎದೆಯ ಎಕ್ಸ್‌ರೇ ತೆಗೆಸಿ ನೋಡಿ, ದಮ್ಮು ಬಂದಾಗ ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟು, ಖಡಕ್ಕಾಗಿ ಒಂದೇ ಮಾತು ಹೇಳಿದರಂತೆ. ಮೆಣಸಿನಕಾಯಿ ಘಾಟು ಇಲ್ಲದ ಕಡೆ ಇರಬೇಕು, ಗಾಳಿ ಆಡುವ ಮನೆ ಬೇಕು, ಇಲ್ಲದಿದ್ದರೆ ಇನ್ನೊಂದು ಸುಗ್ಗಿ ನೋಡುವುದು ಕಷ್ಟ.

ಘಾಟು ಇಲ್ಲದ ಕಡೆ! ಬ್ಯಾಡಗಿಯವರ ಮೂಗಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಸುಗ್ಗಿಯ ದಿನಗಳಲ್ಲಿ ಹೊರಗಿನವರು ನಮ್ಮೂರಲ್ಲಿ ಬಸ್ಸಿನಿಂದ ಇಳಿದರೆ ಮೊದಲು ಹುಡುಕುವುದು ಕರವಸ್ತ್ರ. ಸೀನುತ್ತಾರೆ, ಕಣ್ಣು ಒರೆಸುತ್ತಾರೆ, ನಾವು ಚಹಾದ ಅಂಗಡಿಯಲ್ಲಿ ಕುಳಿತು ನಗುತ್ತೇವೆ. ನಮಗೆ ಏನೂ ಬಡಿಯುವುದಿಲ್ಲ. ಮಲ್ಲಿಗೆ ಗೊತ್ತಾಗುತ್ತದೆ, ಒಲೆಯ ಮೇಲೆ ಸೀದ ಹಾಲು ಗೊತ್ತಾಗುತ್ತದೆ, ಈ ಒಂದು ವಾಸನೆಯ ಮಟ್ಟಿಗೆ ನಮ್ಮ ಮೂಗು ಯಾವಾಗಲೋ ಕೆಲಸ ಬಿಟ್ಟಿದೆ. ಅದನ್ನೇ ಒಂದು ದೊಡ್ಡಸ್ತಿಕೆ ಎಂದು ತಿಳಿದವರು ನಾವು. ಮೂಗು ಸುಮ್ಮನಿದ್ದರೂ ಎದೆ ಸುಮ್ಮನಿರುವುದಿಲ್ಲ ಎಂದು ಗಂಗವ್ವನಿಂದ ತಿಳಿಯಿತು.

ಮೈಲಪ್ಪ ಹಮಾಲಿ ಬಿಟ್ಟ. ಅವನ ಸೊಂಟವೂ ಅದನ್ನೇ ಕೇಳುತ್ತಿತ್ತು. ಹಾವೇರಿಯ ಒಂದು ಬೀಜದ ಗೋದಾಮಿನಲ್ಲಿ ಹಗಲು ಕಾವಲಿನ ಕೆಲಸ ಹಿಡಿದ. ಒಂದು ದಿನ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ಇನ್ನ ಬಾಡಿಗಿ ಮನಿ ಬ್ಯಾಡ್ರಿ ಮಾಸ್ತರ್ರ. ಅಗಡ್ಯಾಗ ಒಂದ ಹಳೇ ಮನಿ ಐತಂತ. ಹಾವೇರಿಗೆ ದಿನಾ ಹೋಗಿ ಬರಾಕ ಬಸ್ಸೈತಿ. ಅಲ್ಲಿ ಮೆಣಸಿನಕಾಯಿ ಪ್ಯಾಟಿ ಇಲ್ಲ. ನೀವು ಬಂದು ಒಂದ ಸಲ ನೋಡಿ ಹೇಳ್ರಿ. ನಮಗೇನ ತಿಳಿತೈತಿ, ಮನಿ ತಗೊಂಡ ರೂಢಿ ಐತೇನ?"

ಕುಪ್ಪೇಲೂರಿನ ಹೊಲದಲ್ಲಿ ಅಣ್ಣಂದಿರು ಗಂಗವ್ವನ ಪಾಲೆಂದು ಕೊಟ್ಟದ್ದು ಮತ್ತು ಮೈಲಪ್ಪ ಕೂಡಿಟ್ಟದ್ದು ಸೇರಿದರೆ ಹೊಸ ಮನೆಗೆ ಸಾಲುತ್ತಿರಲಿಲ್ಲ, ಹಳೆಯದಕ್ಕೆ ಸಾಲುತ್ತಿತ್ತು. ನನ್ನನ್ನು ಕರೆದದ್ದು ನನಗೆ ಬಹಳ ಹಿಡಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ.

ಶ್ರಾವಣದ ಜಿಟಿಜಿಟಿ ಮಳೆ. ಅಗಡಿಯ ಆ ಮನೆ ಒಂದು ಓಣಿಯ ಕೊನೆಗಿತ್ತು. ತೊಲೆಗಳ ಮೇಲೆ ಮಣ್ಣು ಹರಡಿದ ಸಪಾಟು ಮಾಳಿಗೆಯ ಮನೆ, ಎರಡು ಮೊಳ ದಪ್ಪದ ಗೋಡೆ, ಸಾಗವಾನಿ ಬಾಗಿಲು, ಮುಂದೆ ಕಲ್ಲಿನ ಕಟ್ಟೆ. ಕಿಟಕಿ ಎಂಬುದು ಒಂದೂ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಹತ್ತು ವರ್ಷದಿಂದ ಬೀಗ ಹಾಕಿದ್ದ ಮನೆ. ಮಾರುವವನು ಚನ್ನೇಶ ಎಂಬ ನಲವತ್ತರ ಮನುಷ್ಯ, ಹಾವೇರಿಯಲ್ಲಿ ಅವನದು ಗೊಬ್ಬರದ ಅಂಗಡಿ. ಮನೆ ಅವನ ಅಜ್ಜ ಕಟ್ಟಿಸಿದ್ದು. ಅಜ್ಜ ಸುತ್ತಲಿನ ಹಳ್ಳಿಗಳ ಕಾಳುಕಡಿ ಖರೀದಿ ಮಾಡಿ ಮಾರುತ್ತಿದ್ದ ವ್ಯಾಪಾರಸ್ಥ.

ನಾನು ನನ್ನ ವಿದ್ಯೆ ತೋರಿಸಿದೆ. ಕಿಸೆಯಿಂದ ಚಾಕು ತೆಗೆದು ಕಂಬ, ತೊಲೆ, ಬಾಗಿಲ ಚೌಕಟ್ಟು ಎಲ್ಲವನ್ನೂ ಚುಚ್ಚಿ ನೋಡಿದೆ. ಹಳೆ ಮನೆ ಕೊಳ್ಳುವವರು ಮೊದಲು ನೋಡಬೇಕಾದದ್ದು ಗೆದ್ದಲು ಎಂದು ಮೈಲಪ್ಪನಿಗೆ ಪಾಠ ಮಾಡಿದೆ. ಎಲ್ಲಿ ಚುಚ್ಚಿದರೂ ಕಟ್ಟಿಗೆ ಕಲ್ಲು. ಗೋಡೆಯ ಮೇಲೂ ಗೆದ್ದಲಿನ ಒಂದು ಗೀರು ಇಲ್ಲ.

"ಒಂದ ಹುಳಾ ತೋರಸ್ರಿ ಮಾಸ್ತರ್ರ, ಮನಿ ಪುಕ್ಕಟ ಕೊಡತೇನಿ" ಎಂದ ಚನ್ನೇಶ. "ನಮ್ಮಜ್ಜ ಕಟ್ಟಸೂಮುಂದನ ಮಣ್ಣಿಗೆ ಮದ್ದ ಹಾಕಸ್ಯಾನ."

"ಹಿಂದಿನವರ ತಲಿ ನೋಡು!" ಎಂದೆ ನಾನು ಮೈಲಪ್ಪನ ಕಡೆ ತಿರುಗಿ. ಏನು ಮದ್ದು ಎಂದು ಕೇಳಬೇಕು ಅನಿಸಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಕೇಳಿದ ಬಾಯಿ ಅವತ್ತು ಆ ಒಂದು ಪ್ರಶ್ನೆ ಕೇಳಲಿಲ್ಲ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗಂಗವ್ವ ಈ ಕಡೆ ಬರಲೇ ಇಲ್ಲ. ನಡುಮನೆಯ ಗೋಡೆಯ ಮುಂದೆ ನಿಂತಿದ್ದಳು, ದೇವರ ಮಾಡದ ಪಕ್ಕದಲ್ಲಿ ಅಂಗೈ ಅಗಲಿಸಿ ಅಳತೆ ಮಾಡುತ್ತಿದ್ದಳು. ನಾನು ನೋಡುತ್ತಿರುವುದು ತಿಳಿದು ನಾಚಿದಳು.

"ಇಲ್ಲಿ ಹಾಕಿದ್ರ ಬಾಗಲದಾಗ ಬಂದವರಿಗೆ ಮೊದಲ ನಮ್ಮವ್ವನ ಕಾಣತಾಳಲ್ರಿ" ಎಂದಳು.

ಹೊರಗೆ ಬಂದಾಗ ಮೈಲಪ್ಪ ನನ್ನ ಮುಖ ನೋಡಿದ. "ಕಣ್ಣ ಮುಚ್ಚಿ ತಗೋ" ಎಂದೆ. ಅವನು ತೆಗೆದುಕೊಂಡ.

ರಿಪೇರಿ ಶುರುವಾದದ್ದು ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ. ಮೈಲಪ್ಪನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಮಾಳಿಗೆಯ ಮಣ್ಣು ಬದಲಾಗಬೇಕು, ಉಬ್ಬಿದ ಗಿಲಾವು ಕೆರೆದು ಹೊಸದು ಮೆತ್ತಬೇಕು, ಎಲ್ಲಕ್ಕಿಂತ ಮೊದಲು ಮೂಡಣ ಗೋಡೆ ಒಡೆದು ಒಂದು ದೊಡ್ಡ ಕಿಟಕಿ ಇಡಬೇಕು. ಡಾಕ್ಟರು ಗಾಳಿ ಎಂದಿದ್ದರಲ್ಲ. ಹಾವೇರಿಯಿಂದ ಗೂಡುಸಾಬ ಎಂಬ ಗೌಂಡಿ ಬಂದ, ಮಣ್ಣು ಹೊರಲು ಅವನ ಹೆಂಡತಿ ತಸ್ಲೀಮ್ ಬಂದಳು. ಧೂಳು ಕುಡಿಯಬಾರದೆಂದು ಗಂಗವ್ವ ಬ್ಯಾಡಗಿಯಲ್ಲೇ ಉಳಿದಳು. ರಜೆ ಹಾಕಿದ ಮೈಲಪ್ಪ ಮತ್ತು ಮೇಲ್ವಿಚಾರಣೆಗೆಂದು ಹೋದ ನಾನು ಕಟ್ಟೆಯ ಮೇಲೆ ಕುಳಿತೆವು.

ಗೂಡುಸಾಬ ಹಾರೆ ಎತ್ತಿ ಮೂಡಣ ಗೋಡೆಗೆ ನಾಲ್ಕು ಪೆಟ್ಟು ಹಾಕಿದ. ಐದನೆಯದಕ್ಕೆ ಸೀನಿದ. ಆಮೇಲೆ ಸೀನು ನಿಲ್ಲಲೇ ಇಲ್ಲ. ಬುಟ್ಟಿ ಹಿಡಿದು ಒಳಗೆ ಹೋದ ತಸ್ಲೀಮ್ ಸೆರಗು ಬಾಯಿಗೆ ಹಿಡಿದು ಓಡಿ ಬಂದಳು.

"ಏನ್ರಿ ಇದು, ಗ್ವಾಡಿ ಒಗ್ಗರಣಿ ಹಾಕಾಕತ್ತೇತಿ!" ಎಂದ ಗೂಡುಸಾಬ ಕಣ್ಣೊರೆಸುತ್ತ.

ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹಾವೇರಿಯವರ ಮೂಗು ಬಹಳ ನಾಜೂಕು, ಹಳೆ ಮಣ್ಣಿನ ಧೂಳಿಗೇ ಹೀಗಾದರೆ ಹೇಗೆ ಎಂದು ಚೇಷ್ಟೆ ಮಾಡಿದೆವು. ಮೈಲಪ್ಪ ಒಳಗೆ ಹೋಗಿ, ಒಡೆದ ಗೋಡೆಗೆ ಮೂಗಿಟ್ಟು ಉಸಿರೆಳೆದು, "ಏನೂ ಇಲ್ಲೋ ಮಾರಾಯಾ, ಬರೇ ಮಣ್ಣು" ಎಂದು ಎದೆ ತಟ್ಟಿ ತೋರಿಸಿದ. ನಾನೂ ಮೂಸಿ ನೋಡಿದೆ, ನನಗೂ ಬರೀ ಮಣ್ಣು. ಗೂಡುಸಾಬ ಇನ್ನೇನು ಹೇಳಿಯಾನು, ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಕೆಲಸ ಮುಂದುವರಿಸಿದ. ಎಂಟು ದಿನದಲ್ಲಿ ಗಿಲಾವು ಅರ್ಧ ಕೆರೆದಾಯಿತು, ಮಾಳಿಗೆ ಒಂದು ಮೂಲೆ ಇಳಿಯಿತು, ಗೋಡೆಯಲ್ಲಿ ಕಿಟಕಿಯಷ್ಟು ಬೆಳಕು ಬಿತ್ತು.

ಒಂಬತ್ತನೆಯ ದಿನ ಕಿಟಕಿ ಚೌಕಟ್ಟು ನಿಲ್ಲಿಸುವುದು. ಪೂಜೆಗೆ ಮನೆಯೊಡತಿ ಬೇಕು. ಗಂಗವ್ವ ಹಸಿರು ಸೀರೆ ಉಟ್ಟು ಬಂದಳು. ಚೌಕಟ್ಟಿಗೆ ಅರಿಶಿನ ಹಚ್ಚಿ, ಹೂ ಏರಿಸಿ, ಕಾಯಿ ಒಡೆದಳು. ಆಮೇಲೆ ಕಿಟಕಿಗೆ ಮುಖ ಕೊಟ್ಟು ನಿಂತು, ಹೊರಗಿನ ಹೊಲದ ಕಡೆ ನೋಡುತ್ತ, ಬೇಕೆಂದೇ ಒಂದು ದೊಡ್ಡ ಉಸಿರು ಎಳೆದುಕೊಂಡಳು. ಅವಳ ಮುಖ ನೋಡಿ ನನಗೂ ಸಂತೋಷವಾಗಿತ್ತು. ಎರಡನೆಯ ಉಸಿರು ಒಳಗೆ ಹೋಗಲಿಲ್ಲ.

ಆ ಅರ್ಧ ತಾಸು ನಾನು ಮರೆಯುವಂತಿಲ್ಲ. ಗೋಡೆ ಹಿಡಿಯಲು ಹೋದಳು, ಗೋಡೆಯ ಮಣ್ಣು ಕೈಗೆ ಉದುರಿ ಮತ್ತಷ್ಟು ಧೂಳಾಯಿತು. ಪಂಪು ಬ್ಯಾಡಗಿಯಲ್ಲೇ ಉಳಿದಿತ್ತು. ಗೂಡುಸಾಬ ಅವಳನ್ನು ಎತ್ತಿಕೊಂಡು ಓಣಿಯ ತುದಿಗೆ ಓಡಿದ, ಯಾರದೋ ಆಟೋದಲ್ಲಿ ಹಾವೇರಿ ಆಸ್ಪತ್ರೆಗೆ ಸೇರಿಸಿದೆವು. ಬದುಕಿದಳು. ಮೂರು ದಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು.

ಅವಳನ್ನು ಮಂಚಕ್ಕೆ ಹಾಕಿದ ಮೇಲೆ ಗೂಡುಸಾಬ ನಮ್ಮಿಬ್ಬರನ್ನೂ ಹೊರಗೆ ಕರೆದ. ಅವನ ಕಿಸೆಯಲ್ಲಿ ಕಾಗದದ ಪೊಟ್ಟಣವಿತ್ತು, ಅದರಲ್ಲಿ ಗೋಡೆಯ ಒಂದು ಹಿಡಿ ಮಣ್ಣು. "ನಾಲ್ಕ ದಿವಸದಿಂದ ಇದನ್ನ ಇಟಗೊಂಡ ಅಡ್ಡ್ಯಾಡಾಕತ್ತೇನ್ರಿ. ನೀವು ನಗತೀರಂತ ಹೇಳಲಿಲ್ಲ" ಎಂದು, ಚಹಾದ ಅಂಗಡಿಯ ಒಂದು ಗ್ಲಾಸು ನೀರಿಗೆ ಅದನ್ನು ಹಾಕಿದ. ಮಣ್ಣು ಕೆಳಗೆ ಕುಳಿತಿತು. ಮೇಲೆ ತೇಲಿದ್ದು ಮೆಣಸಿನಕಾಯಿಯ ತೊಟ್ಟು, ಬೀಜ, ಕಪ್ಪಾದ ಸಿಪ್ಪೆ. ಮೈಲಪ್ಪ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಅವನ ಕಣ್ಣಲ್ಲಿ ನೀರು ಬಂತು.

ಮರುದಿನ ಸಿಟ್ಟಿನಿಂದ ಚನ್ನೇಶನ ಅಂಗಡಿಗೆ ಹೋದೆವು. ಅವನು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು ನಿಜವಾಗಿ ಗಾಬರಿಯಾದ. ಅವನ ಅಜ್ಜ ಕಾಳಿನ ಜೊತೆ ಮೆಣಸಿನಕಾಯಿಯನ್ನೂ ತುಂಬುತ್ತಿದ್ದನಂತೆ. ಚೀಲ ಖಾಲಿಯಾದ ಮೇಲೆ ಉಳಿಯುವ ತೊಟ್ಟು, ಬೀಜ, ಪುಡಿಯನ್ನು ಗೆದ್ದಲು ಬಾರದಿರಲೆಂದು ಗೋಡೆಯ ಗಿಲಾವಿಗೆ, ಮಾಳಿಗೆಯ ಮಣ್ಣಿಗೆ ಬುಟ್ಟಿಗಟ್ಟಲೆ ಕಲಸಿಸಿದ್ದ. ಮೇಲೆ ಸುಣ್ಣದ ಮೇಲೆ ಸುಣ್ಣ ಕೂತು ಅದು ಒಳಗೇ ಉಳಿದಿತ್ತು.

"ಬಾಗಲಾ ತಗದ ಕೂಡ್ಲೆ ನಮಗೆಲ್ಲಾ ಮೂಗಿಗೆ ಬಡಿತೈತ್ರಿ" ಎಂದ ಚನ್ನೇಶ. "ನೀವು ಮೂರೂ ಮಂದಿ ಒಳಗ ಅಡ್ಡಾಡಿದ್ರಿ, ಒಬ್ಬರೂ ಏನೂ ಅನಲಿಲ್ಲ. ಬ್ಯಾಡಗಿ ಮಂದಿ, ಇವರಿಗೆ ಇದು ಯಾವ ಲೆಕ್ಕ ಅಂತ ತಿಳಕೊಂಡೆ. ಅಕ್ಕಾರಿಗೆ ದಮ್ಮು ಐತಂತ ನನಗ ಯಾರ ಹೇಳಿದ್ರಿ?"

ಯಾರೂ ಹೇಳಿರಲಿಲ್ಲ. ಮನೆ ಮಾರುವವನ ಮುಂದೆ ಮನೆಯ ಕಾಯಿಲೆ ಯಾಕೆ ಹೇಳಬೇಕು, ಗರಜು ನೋಡಿ ರೇಟು ಏರಿಸಿಯಾನು ಎಂದು ಬಸ್ಸಿನಲ್ಲೇ ನಾನು ಗಂಗವ್ವನಿಗೆ ತಾಕೀತು ಮಾಡಿದ್ದೆ. ಮೈಲಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯುವುದಾದರೂ ಯಾರನ್ನು? ಅಜ್ಜ ಸತ್ತು ಮೂವತ್ತು ವರ್ಷ, ಮೊಮ್ಮಗ ಸುಳ್ಳು ಹೇಳಿಲ್ಲ, ಕಿಟಕಿ ಒಡೆಸಿದ್ದು ನಾವೇ. ಒಡೆಯದೆ ಹಾಗೇ ಇದ್ದಿದ್ದರೆ ಆ ಸುಣ್ಣದ ಕೆಳಗೆ ಎಲ್ಲವೂ ಮಲಗಿರುತ್ತಿತ್ತೋ ಏನೋ.

ಮಾರಬೇಕೆಂದರೆ ಅರ್ಧ ಒಡೆದ ಮನೆಯನ್ನು ಯಾರು ಕೊಳ್ಳುತ್ತಾರೆ? ಕೆಡವಿ ಕಟ್ಟಬೇಕೆಂದರೆ ಗಂಟು ಖಾಲಿ. ಗೂಡುಸಾಬ ಯೋಚಿಸಿ ಒಂದು ದಾರಿ ಹೇಳಿದ. ಮಾಳಿಗೆ ಪೂರ್ತಿ ಇಳಿಸಿ ತಗಡು ಹಾಕುವುದು, ಕೆರೆದ ಗೋಡೆ ತೊಳೆದು ಒಳಗೆಲ್ಲ ದಪ್ಪಗೆ ಸಿಮೆಂಟು ಗಿಲಾವು ಮಾಡುವುದು. ಒಳಗಿನದು ಒಳಗೇ ಮುಚ್ಚಿಹೋಗಬೇಕು. ಅರ್ಧ ಕೂಲಿಗೆ ಮಾಡಿಕೊಟ್ಟ, ಪುಣ್ಯಾತ್ಮ. ಮಾಘದ ಹೊತ್ತಿಗೆ ಮನೆ ಮುಗಿಯಿತು. ಸಾಮಾನು ಕಟ್ಟಿಕೊಂಡು ಹೊರಟವನು ಬಾಗಿಲಲ್ಲಿ ನಿಂತು ಮೈಲಪ್ಪನಿಗೂ ನನಗೂ ಒಂದು ಮಾತು ಹೇಳಿದ.

"ಇನ್ನ ಈ ಗ್ವಾಡಿಗೆ ಒಂದ ಮೊಳಿ ಸೈತ ಹೊಡೀಬ್ಯಾಡ್ರಿ. ಸಿಮೆಂಟ ಬಿರೀತು ಅಂದ್ರ ಒಳಗಿಂದು ಹೊರಗ ಬರತೈತಿ."

ಗಂಗವ್ವ ಹಿತ್ತಲಲ್ಲಿದ್ದಳು, ಅವಳಿಗೆ ಕೇಳಿಸಲಿಲ್ಲ. ಅವಳಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಹಾಲು ಉಕ್ಕಿಸಿದರು. ಅವತ್ತು ಒಂದು ತಾಸು ಒಳಗಿದ್ದವಳು ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಕಟ್ಟೆಯೇ ಅವಳ ಮನೆಯಾಯಿತು. ಅದರ ಮೇಲೆ ಮೈಲಪ್ಪ ನಾಲ್ಕು ತಗಡು ಇಳಿಸಿಕೊಟ್ಟ. ಅಡುಗೆ ಅಲ್ಲಿ, ಹಾಸಿಗೆ ಅಲ್ಲಿ. ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದಳು, ಹೊರಗಿನಿಂದಲೇ. ಘಾಟು ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಮೈಲಪ್ಪನಿಗೆ ಮೂಗಿಲ್ಲ, ನನಗಿಲ್ಲ, ಅವಳಿಗೂ ಇಲ್ಲ. ಅವನು ಹಾಲಿನವನನ್ನು, ಗ್ಯಾಸು ತಂದವನನ್ನು, ದಾರಿಯಲ್ಲಿ ಹೋಗುವವರನ್ನು ಕರೆದು, "ಒಂದೀಟ ಒಳಗ ಬಂದು ಮೂಸಿ ನೋಡ್ರಿ" ಎಂದು ಕೇಳುತ್ತಿದ್ದ. ಕೆಲವರು ಮುಖ ನೋಡಿ ಕನಿಕರದಿಂದ "ಏನೂ ಇಲ್ಲ ಬಿಡ್ರಿ" ಅನ್ನುತ್ತಿದ್ದರು, ಕೆಲವರು ನಗುತ್ತಿದ್ದರು. ಕೊನೆಗೆ ಪರೀಕ್ಷೆಗೆ ಉಳಿದದ್ದು ಗಂಗವ್ವನ ಉಸಿರೊಂದೇ. ಅವಳು ಒಳಗೆ ಹೋಗಬೇಕು, ಎಷ್ಟು ಹೊತ್ತಿಗೆ ಕೆಮ್ಮು ಬರುತ್ತದೆ ನೋಡಬೇಕು.

ಯುಗಾದಿಯ ಹಿಂದಿನ ದಿನ ಮೈಲಪ್ಪನ ಫೋನು ಬಂತು. ಧ್ವನಿಯಲ್ಲಿ ಹಿಂದಿನ ಜೋರು ತಿರುಗಿ ಬಂದಿತ್ತು. "ಮಾಸ್ತರ್ರ, ಮನಿ ತಿಳಿ ಆತ್ರಿ! ಅಕಿ ಎಂಟ ದಿವಸದಿಂದ ಒಳಗ ಇರಾಕತ್ತಾಳ. ಹಬ್ಬಕ್ಕ ನೀವು ಬರ್ಬೇಕು."

ಹೋದೆ. ಕಟ್ಟೆ ಖಾಲಿಯಾಗಿತ್ತು, ಹಾಸಿಗೆ ಒಳಗೆ ಹೋಗಿತ್ತು. ನಡುಮನೆಯಲ್ಲಿ ಗಂಗವ್ವ ನಗುತ್ತ, "ಬರ್ರಿ ಮಾಸ್ತರ್ರ, ಒಳಗ ಕುಂದ್ರಿ" ಎಂದಳು. ಒಳಗೆ ಕುಂದ್ರಿ ಎನ್ನುವಾಗ ಅವಳ ಮುಖದಲ್ಲಿದ್ದ ಹಮ್ಮು ನೋಡಿ ನನ್ನ ಎದೆ ತುಂಬಿ ಬಂತು. ಬೇವು ಬೆಲ್ಲ ಕೊಟ್ಟು, ಚಹಾ ಇಡುತ್ತೇನೆಂದು ಅಡುಗೆಮನೆಗೆ ಹೋದಳು. ಮೈಲಪ್ಪ ಮಾತಾಡುತ್ತಲೇ ಇದ್ದ. ಮುಂದಿನ ತಿಂಗಳು ಬಾಗಿಲಿಗೆ ಬಣ್ಣವಂತೆ, ಮಗಳನ್ನು ಬಾಣಂತನಕ್ಕೆ ಇಲ್ಲಿಗೇ ಕರೆಸುವುದಂತೆ. ಚಹಾ ಬರಲಿಲ್ಲ. ನೀರಿನ ನೆಪ ಮಾಡಿ ನಾನೇ ಎದ್ದು ಒಳಗೆ ಹೋದೆ.

ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತ್ತು. ಗಂಗವ್ವ ಮೂಡಣ ಕಿಟಕಿಯ ಸರಳುಗಳನ್ನು ಎರಡೂ ಕೈಯಿಂದ ಹಿಡಿದು, ಮುಖವನ್ನು ಅವುಗಳ ನಡುವೆ ಒತ್ತಿಕೊಂಡು, ಹೊರಗಿನ ಗಾಳಿಯನ್ನು ಬಾಯಿಯಿಂದ ಎಳೆಯುತ್ತಿದ್ದಳು. ಹೆಗಲು ಏರಿಳಿಯುತ್ತಿತ್ತು. ಕೆಮ್ಮು ಬಂದಾಗ ಸೆರಗಿನ ಉಂಡೆಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಶಬ್ದ ಹೊರಗೆ ಹೋಗದ ಹಾಗೆ. ತುಟಿ ನೀಲಿಗಟ್ಟಿತ್ತು. ನನ್ನನ್ನು ಕಂಡು ಕೈ ಮುಗಿದಳು.

"ಅವರಿಗೆ ಹೇಳಬ್ಯಾಡ್ರಿ" ಎಂದಳು, ಒಂದೊಂದೇ ಮಾತು ಕಿತ್ತು. "ಮತ್ತ ಹಮಾಲಿ ಮಾಡತೇನಿ, ಬ್ಯಾರೆ ಮನಿ ಮಾಡತೇನಿ ಅನ್ನಾಕತ್ತಿದ್ರು. ಆ ಸ್ವಂಟಾ ಇಟಗೊಂಡು ಚೀಲಾ ಹೊರತಾರೇನ್ರಿ? ರೂಢಿ ಆಕ್ಕೈತ್ರಿ ನನಗ. ಹೇಳಬ್ಯಾಡ್ರಿ."

ಇಡೀ ಊರಿಗೆ ಸಲಹೆ ಕೊಟ್ಟವನು ಅಲ್ಲಿ ಒಲೆ ಆರಿಸಿದೆ, ಅಷ್ಟೇ. ಅಷ್ಟರಲ್ಲಿ ನಡುಮನೆಯಿಂದ ಮೈಲಪ್ಪ ಕೂಗಿದ.

"ಏ ಗಂಗಾ, ನಿಮ್ಮವ್ವನ ತಗೊಂಡ ಬಾ. ಮಾಸ್ತರ ಬಂದಾರ, ಹಬ್ಬಾನೂ ಐತಿ, ಇವತ್ತ ಹಾಕಿಬಿಡೂಣು."

ಗಂಗವ್ವನ ಕಣ್ಣು ಅರಳಿತು. ಮುಖ ಒರೆಸಿಕೊಂಡು, ನೆಟ್ಟಗಾಗಿ, ಟ್ರಂಕಿನಿಂದ ಫೋಟೋ ತೆಗೆದು, ಸುತ್ತಿದ ಸೀರೆ ಬಿಚ್ಚಿ ನಡುಮನೆಗೆ ನಡೆದಳು. ಮೈಲಪ್ಪ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹೊಸ ಮೊಳೆ ಹಿಡಿದು ದೇವರ ಮಾಡದ ಪಕ್ಕ ನಿಂತಿದ್ದ. ಮನೆ ತಿಳಿಯಾಗಿದೆ ಎಂದು ನಂಬಿದವನಿಗೆ ಗೂಡುಸಾಬನ ಮಾತು ಇನ್ನೇಕೆ ನೆನಪಿರಬೇಕು? ಗಂಗವ್ವ ಶ್ರಾವಣದಲ್ಲಿ ಅಳತೆ ಮಾಡಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಮೊಳೆ ಇಟ್ಟು ಸುತ್ತಿಗೆ ಎತ್ತಿದ.

"ಬ್ಯಾಡ ಮೈಲಪ್ಪ" ಎಂದೆ. "ಮೊಳಿ ಹೊಡೀಬ್ಯಾಡ."

ಅವನ ಕೈ ಮೇಲೇ ನಿಂತಿತು. ಗಂಗವ್ವ ನನ್ನ ಕಡೆ ತಿರುಗಿದಳು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಅವತ್ತು ನಿಂತ ಹಾಗೆಯೇ ಫೋಟೋ ಎದೆಗೆ ಹಿಡಿದಿದ್ದಳು.

"ನಮ್ಮ ಮನಿ ಗ್ವಾಡಿಗೂ ಬ್ಯಾಡೇನ್ರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ, ಎಂಟು ದಿನ ಸೆರಗಿನಲ್ಲಿ ಕಟ್ಟಿಟ್ಟಿದ್ದ ಕೆಮ್ಮೆಲ್ಲ ಒಮ್ಮೆಲೇ ಹೊರಗೆ ಬಂತು. ಕುಸಿದು ಕುಳಿತಳು. ಫೋಟೋ ಮಾತ್ರ ನೆಲಕ್ಕೆ ಬಡಿಯಗೊಡಲಿಲ್ಲ. ಮೈಲಪ್ಪ ಸುತ್ತಿಗೆ ಬಿಸಾಕಿ ಅವಳನ್ನು ಕಟ್ಟೆಗೆ ಎತ್ತಿ ತಂದ. ಪಂಪು ಬಾಯಿಗಿಟ್ಟು, ಬೆನ್ನು ತಿಕ್ಕುತ್ತ, "ಎಂಟ ದಿವಸ... ಎಂಟ ದಿವಸ ಹಿಂಗ ಇದ್ದೇನ?" ಎಂದು ಕೇಳುತ್ತಲೇ ಇದ್ದ. ನಲವತ್ತು ವರ್ಷ ಚೀಲ ಹೊತ್ತ ಆ ಗಂಡಸು ಓಣಿಯ ಮಂದಿಯೆದುರು ಅತ್ತ. ನಾನೂ ಅತ್ತೆ.

ಉಸಿರು ಹಿಡಿತಕ್ಕೆ ಬರಲು ಬಹಳ ಹೊತ್ತಾಯಿತು. ಕಟ್ಟೆಯ ಮೇಲೆ ಮೂವರೂ ಕುಳಿತಿದ್ದೆವು. ಬೇವಿನ ತೋರಣ ಕಟ್ಟಿದ ಸಾಗವಾನಿ ಬಾಗಿಲು ಹಿಂದೆ ತೆರೆದೇ ಇತ್ತು. ಮೈಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಹಾವೇರ್ಯಾಗ ಒಂದ ಖೋಲಿ ನೋಡ್ರಿ ಮಾಸ್ತರ್ರ" ಎಂದ. "ಬಾಡಿಗಿಗೆ."

ನೋಡುತ್ತೇನೆ ಎಂದೆ. ಗಂಗವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿದೆ ಅಂದುಕೊಂಡಿದ್ದೆ.

"ನೋಡೂಮುಂದ ಮೊದಲ ಒಂದ ಮಾತ ಕೇಳ್ರಿ" ಎಂದಳು ಕಣ್ಣು ತೆರೆಯದೆ. "ಗ್ವಾಡಿಗೆ ಮೊಳಿ ಹೊಡ್ಯಾಕ ಬಿಡತಾರೇನಂತ."

ಹೂಂ ಎಂದೆ. ತೊಡೆಯ ಮೇಲಿದ್ದ ತಾಯಿಯ ಗಾಜನ್ನು ಸೆರಗಿನಿಂದ ಒರೆಸಿ, ಅವಳು ಆ ಹಳೆ ಸೀರೆಯನ್ನು ಮತ್ತೆ ಸುತ್ತತೊಡಗಿದಳು.